ತೋಳು ನೋಡುತ್ತಿದ್ದ ಇನ್ಸ್‌ಪೆಕ್ಟರು

ಹೋದ ತಿಂಗಳು ಹುಣಸೂರಿನಲ್ಲಿ ನಮ್ಮ ಹಳೆಯ ಇನ್ಸ್‌ಪೆಕ್ಟರ ಸಂತಾಪ ಸಭೆ ನಡೆಯಿತು. ಹತ್ತು ಹನ್ನೆರಡು ಮಂದಿ ನಿವೃತ್ತ ಮುದುಕರು, ಒಂದು ಫೋಟೋ, ಒಂದು ಹಾರ, ಕೊನೆಯಲ್ಲಿ ಕಾಫಿ. ಮಾತಾಡಿದವರೆಲ್ಲ ಸುತ್ತಿ ಬಳಸಿ ಒಂದೇ ಕಡೆಗೆ ಬಂದರು: ಸರ್ವೀಸಿನುದ್ದಕ್ಕೂ ಅವರು ಯಾರ ಮನೆಯಲ್ಲೂ ಒಂದು ಲೋಟ ಮಜ್ಜಿಗೆ ಕುಡಿದವರಲ್ಲ. ಮಾತು ನಿಜ. ನನ್ನ ಸರದಿ ಬಂದಾಗ ಗಂಟಲು ಕಟ್ಟಿದೆ ಎಂದು ಹೇಳಿ ಕೂತುಬಿಟ್ಟೆ. ಗಂಟಲು ಚೆನ್ನಾಗಿಯೇ ಇತ್ತು, ಕಾಫಿಯನ್ನು ಎರಡು ಸಲ ಕೇಳಿ ಕುಡಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ಕಟ್ಟಳೆ ಸಭೆಗೆ ಮಾತ್ರ ಎಂದುಕೊಂಡು ಈಗ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರಿಗೆ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರೇನೂ ತಪ್ಪು ಮಾಡಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಸಿಡುಬು ಇನ್ನೂ ಊರೂರು ತಿರುಗುತ್ತಿತ್ತು. ಅದು ಬಾರದ ಹಾಗೆ ಮಕ್ಕಳಿಗೆ ದಾಕು ಹಾಕಿಸುವುದು ಡಿಸ್ಟ್ರಿಕ್ಟ್ ಬೋರ್ಡಿನ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿಗೆ ದಾಕು ಹಾಕುವವರು ನಾವು ಏಳು ಜನ, ನಮ್ಮ ತಲೆಯ ಮೇಲೆ ಇನ್ಸ್‌ಪೆಕ್ಟರಾಗಿ ಅವರೊಬ್ಬರು. ಹಲ್ಲುಗಳಿರುವ ಒಂದು ಸಣ್ಣ ಬಿಲ್ಲೆಯನ್ನು ಮಗುವಿನ ತೋಳಿಗೆ ಒತ್ತಿ ತಿರುಗಿಸಬೇಕು, ಗೀರಿದ ಜಾಗಕ್ಕೆ ಗಾಜಿನ ಕೊಳವೆಯಿಂದ ಮದ್ದು ಸವರಬೇಕು. ಹೀಗೆ ನಾಲ್ಕು ಕಡೆ. ಮದ್ದಿಗೆ ಜೀವವಿದ್ದರೆ ವಾರದೊಳಗೆ ಬೊಕ್ಕೆ ಎದ್ದು, ಹಕ್ಕಳೆ ಉದುರಿ, ನಾಲ್ಕು ಗುರುತು ಉಳಿಯುತ್ತವೆ. ಗುರುತು ಉಳಿದರೆ ಮಗು ಉಳಿಯಿತು, ನಮ್ಮ ಕೆಲಸವೂ ಉಳಿಯಿತು. ನಾವೆಲ್ಲ ಟೆಂಪರರಿ ನೌಕರರು. ಖಾಯಂ ಆಗುವುದು, ಮನೆಗೆ ಹೋಗುವುದು ಎರಡೂ ವರ್ಷಕ್ಕೊಮ್ಮೆ ಅವರು ನಮ್ಮ ಮೇಲೆ ಬರೆಯುತ್ತಿದ್ದ ಗುಪ್ತ ವರದಿಯಲ್ಲಿ ತೀರ್ಮಾನವಾಗುತ್ತಿತ್ತು.

ಅವರು ಯಾರ ಮುಖವನ್ನಾದರೂ ನೋಡಿ ಮಾತಾಡಿದ್ದು ನಾನು ಕಾಣೆ. ನೋಡುತ್ತಿದ್ದದ್ದು ತೋಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನ ತೋಳು, ಅಂಗಡಿಯಲ್ಲಿ ಬೆಲ್ಲ ತೂಗುವವನ ತೋಳು. ಒಮ್ಮೆ ಒಂದು ಮದುವೆ ಮನೆಯಲ್ಲಿ ಮದುಮಗ ಅಂಗಿ ಕಳಚಿ ಹಸೆಯ ಮೇಲೆ ಕೂತಿದ್ದ. ಇವರು ಅಕ್ಷತೆ ಹಾಕಲು ಹೋದವರು ಅಲ್ಲೇ ನಿಂತು, "ಇವನಿಗೆ ದಾಕು ಹಾಕಿದವನು ಎಡಚ" ಎಂದರು. ವಿಚಾರಿಸಿದರೆ ಹೌದು, ಆ ಭಾಗದಲ್ಲಿ ಹಿಂದೆ ಒಬ್ಬ ಎಡಗೈಯವನು ಇದ್ದನಂತೆ. ಅಂಥ ಕಣ್ಣು ಅವರದು.

ಆ ಕಣ್ಣಿಗೆ ಜೊತೆಯಾಗಿ ಒಂದು ಹಿತ್ತಾಳೆ ತಗಡು ಇಟ್ಟುಕೊಂಡಿದ್ದರು. ಕೃಷ್ಣರಾಜನಗರದ ಅಕ್ಕಸಾಲಿಯೊಬ್ಬನಿಂದ ಮಾಡಿಸಿದ್ದು, ನಡುವೆ ದುಂಡನೆಯ ತೂತು. ಊರಿಗೆ ಬಂದರೆ ಚಾವಡಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಗುರುತಿನ ಮೇಲೂ ತಗಡು ಇಡುತ್ತಿದ್ದರು. ಗುರುತು ತೂತನ್ನು ತುಂಬಿದರೆ ದಾಕು ಹಾಕಿದವನು ಪಾಸು. ತಗಡಿನ ಅಂಚು ಹರಿತವಾಗಿತ್ತು, ಮಕ್ಕಳು ಕಿರುಚುತ್ತಿದ್ದವು. ಅಂಚನ್ನು ಸ್ವಲ್ಪ ಉಜ್ಜಿಸಬಹುದಲ್ಲ ಎಂದು ನಾನು ಹೊಸದರಲ್ಲಿ ಕೇಳಿದೆ. "ಅಳುವ ಮಗುವಿನ ತೋಳು ಬಿಗಿಯಾಗ್ತದೆ ಕಣಯ್ಯ, ಅಳತೆ ಸರಿಯಾಗಿ ಸಿಕ್ಕುತ್ತೆ" ಎಂದರು.

ನನಗೆ ಅವರು ಹೇಳಿಕೊಟ್ಟ ಮೊದಲ ಪಾಠವನ್ನು ಇಲ್ಲೇ ಬರೆದುಬಿಡುತ್ತೇನೆ, ಮುಂದೆ ಬೇಕಾಗುತ್ತದೆ. "ಗಾತ್ರ ಒಂದೇ ಸಾಲದು. ಗುರುತಿನ ಒಳಗೆ ಸಣ್ಣ ಸಣ್ಣ ಗುಣಿ ಇರಬೇಕು, ದರ್ಜಿ ಬೆರಳಿಗೆ ಹಾಕ್ಕೊಳ್ಳೋ ಅಂಗುಸ್ತಾನದ ಮೇಲೆ ಇರ್ತದಲ್ಲ ಹಾಗೆ. ಗುಣಿ ಇಲ್ಲದ್ದು ಸುಟ್ಟ ಗಾಯ, ದಾಕಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದರೂ ನನಗೆ ತಿಳೀತದೆ." ಆಮೇಲೆ ಕಣ್ಣು ಮುಚ್ಚಿ ಒಂದು ಮಗುವಿನ ತೋಳಿನ ಮೇಲೆ ಬೆರಳಾಡಿಸಿಯೂ ತೋರಿಸಿದರು.

ಮಜ್ಜಿಗೆಯ ಮಾತು ಬಂತಲ್ಲ. ಒಂದೂರಿನ ಪಟೇಲರು ಇವರಿಗೆ ತಿಳಿಯದ ಹಾಗೆ ಸೈಕಲ್ಲಿನ ಹಿಂದೆ ಒಂದು ಚಿಪ್ಪು ಬಾಳೆಹಣ್ಣು ಕಟ್ಟಿ ಕಳಿಸಿದ್ದರು. ನಾಲ್ಕು ಮೈಲಿ ಬಂದ ಮೇಲೆ ಕಣ್ಣಿಗೆ ಬಿತ್ತು. ಮತ್ತೆ ನಾಲ್ಕು ಮೈಲಿ ಹಿಂದಕ್ಕೆ ತುಳಿದು ಪಟೇಲರ ಜಗಲಿಯ ಮೇಲೆ ಹಣ್ಣಿಟ್ಟು ಬಂದರು. ಇಷ್ಟಕ್ಕೆ ನಿಂತಿದ್ದರೆ ನಾನೂ ಸಭೆಯಲ್ಲಿ ಎದ್ದು ಹೊಗಳುತ್ತಿದ್ದೆ. ಆ ವರ್ಷ ಆ ಊರಿನ ದಾಕಿನವನ ವರದಿಯಲ್ಲಿ, "ಜನರನ್ನು ಸಲುಗೆಗೆ ಬಿಟ್ಟಿದ್ದಾನೆ" ಎಂದು ಬರೆದರು. ಲಂಚ ತಿನ್ನುವ ಮನುಷ್ಯನಾಗಿದ್ದರೆ ನಾವು ಹೇಗೋ ಬದುಕಿಕೊಳ್ಳುತ್ತಿದ್ದೆವು.

ಗುಪ್ತ ವರದಿಯನ್ನು ಗುಪ್ತವಾಗಿ ಬರೆಯಬೇಕು. ಅದರಲ್ಲಿ ಅವರಿಗೆ ರುಚಿಯಿರಲಿಲ್ಲ. ಪ್ರತಿ ಮಾರ್ಚ್‌ನಲ್ಲಿ ನಮ್ಮ ಏಳೂ ಜನರನ್ನು ಹುಣಸೂರಿನ ಬಂಗಲೆಗೆ ಕರೆಸಿ, ವರಾಂಡದಲ್ಲಿ ಜಮಖಾನೆ ಹಾಸಿ ಸಾಲಾಗಿ ಕೂರಿಸುತ್ತಿದ್ದರು. ಎದುರಿಗೆ ಮೇಜು ಹಾಕಿಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಆಮೇಲೆ ಅವರದೇ ಒಂದು ಪದ್ಧತಿ. ಪ್ರತಿಯೊಬ್ಬನೂ ತನ್ನ ಎಡಗಡೆ ಕೂತವನ ಒಂದು ತಪ್ಪು ಹೇಳಬೇಕು, ಎಡತುದಿಯವನು ಬಲತುದಿಯವನದು. ಹೇಳದಿದ್ದರೆ ಅವನು ಜೊತೆಯವರ ತಪ್ಪು ಮುಚ್ಚಿಡುವವನು, ಅದನ್ನೇ ಅವನ ಹಾಳೆಯಲ್ಲಿ ಬರೆಯುತ್ತಿದ್ದರು. ನಾವೇನು ದಡ್ಡರೇ, ಒಂದು ವರ್ಷ ಹಿಂದಿನ ದಿನವೇ ಹೋಟೆಲಿನಲ್ಲಿ ಕೂತು ಯಾರ ಪಕ್ಕ ಯಾರು, ಯಾರ ತಪ್ಪು ಯಾವುದು ಎಂದು ಹಂಚಿಕೊಂಡೆವು. ಇವನು ಗೊರಕೆ ಹೊಡೆಯುತ್ತಾನೆ, ಅವನು ನಶ್ಯ ಹಾಕುತ್ತಾನೆ, ಇಂಥವು. ಅವರು ಏಳು ತಪ್ಪನ್ನೂ ತಾಳ್ಮೆಯಿಂದ ಕೇಳಿದರು. ಪೆನ್ನಿನ ಮುಚ್ಚಳ ಹಾಕಿದರು. "ಈಗ ಎಲ್ಲರೂ ಎದ್ದು ಜಾಗ ಬದಲಾಯಿಸಿ ಕೂತ್ಕೊಳ್ಳಿ" ಎಂದರು.

ಆ ಎರಡನೆಯ ಸಲ ನನ್ನ ಎಡಕ್ಕೆ ಬಂದು ಕೂತವನು ಮರಿದೇವಯ್ಯ. ಪಿರಿಯಾಪಟ್ಟಣದ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯ. ನನಗೆ ಬಿಲ್ಲೆ ಹಿಡಿಯುವುದನ್ನು ಕಲಿಸಿದವನು, ಅವನ ಮನೆಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೇನೆ. ಅವನ ಕಣ್ಣಿಗೆ ಪೊರೆ ಬರುತ್ತಿತ್ತು. ನನಗೊಬ್ಬನಿಗೆ ಹೇಳಿದ್ದ: "ಕೊಳವೆ ಮೂತಿ ಎಲ್ ಮುರೀಬೇಕು ಅಂತ ಕಾಣಾಕಿಲ್ಲ ಕಣ್ಲಾ. ಬೆರಳಲ್ಲೇ ಅಂದಾಜ್ ಮಾಡ್ತೀನಿ. ಯಾರ್ಗೂ ಅನ್‌ಬ್ಯಾಡ."

ನನ್ನ ಸರದಿ ಬಂತು. ಮೊದಲೇ ಹೊಂದಿಸಿಕೊಂಡ ತಪ್ಪು ಯಾವುದೂ ಇರಲಿಲ್ಲ. ಅವರು ನನ್ನ ತೋಳು ನೋಡುತ್ತ ಕಾಯುತ್ತಿದ್ದರು. ಬೇರೆ ಏನಾದರೂ ಹೇಳಬಹುದಿತ್ತು, ನಶ್ಯ ಎನ್ನಬಹುದಿತ್ತು. ಬಾಯಿಗೆ ಬಂದದ್ದು ನಿಜವೇ. "ಇವರಿಗೆ ಕಣ್ಣು ಮಂಜು ಸ್ವಾಮಿ" ಎಂದೆ.

ಅವರು ಸಿಟ್ಟಾಗಲಿಲ್ಲ. ಎದುರಿನ ಗೋಡೆಯತ್ತ ಪೆನ್ನು ತೋರಿಸಿ, "ಮರಿದೇವಯ್ಯ, ಆ ಕ್ಯಾಲೆಂಡರ್ ನೋಡಿ ಇವತ್ತು ಯಾವ ವಾರ ಹೇಳು" ಎಂದರು. ಮರಿದೇವಯ್ಯ ಕಣ್ಣು ಕಿರಿದು ಮಾಡಿ ಗೋಡೆಯನ್ನು ನೋಡಿದ. ಸ್ವಲ್ಪ ಮುಂದಕ್ಕೆ ಬಾಗಿಯೂ ನೋಡಿದ. "ಗುರುವಾರ ಸ್ವಾಮಿ, ಕಾಣ್ತದೆ" ಎಂದ. ಗುರುವಾರವೇ ಆಗಿತ್ತು. ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲ. ಯಾರೋ ನಕ್ಕರು. ನಾನೂ ನಕ್ಕೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮರಿದೇವಯ್ಯನಿಗೆ ಏಪ್ರಿಲ್ ತಿಂಗಳಲ್ಲಿ ಕೆಲಸ ಇಲ್ಲವಾಯಿತು.

ನಿಜ ಹೇಳಿದ್ದಕ್ಕೆ ನನಗೆ ಸಿಕ್ಕಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹೊಳೆಯಾಚೆಯ ಹಳ್ಳಿಗಳು. ಯಾರಿಗೂ ಬೇಡದ ಸೀಮೆ. ಮದ್ದು ಬೆಂಗಳೂರಿನಿಂದ ರೈಲಿನಲ್ಲಿ ಮೈಸೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಕೋಟೆಗೆ, ಆಮೇಲೆ ನನ್ನ ತಲೆಯ ಮೇಲೆ, ಹರಿಗೋಲಿನಲ್ಲಿ, ಕಾಲುನಡಿಗೆಯಲ್ಲಿ. ಬಾಳೆದಿಂಡಿನ ನಡುವೆ ಕೊರೆದು ಅದರೊಳಗೆ ಕೊಳವೆಗಳನ್ನಿಟ್ಟು, ಒದ್ದೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದೆ. ಎಷ್ಟು ತಂಪು ಮಾಡಿದರೂ ಐದು ದಿನದ ಬಿಸಿಲಿಗೆ ಮದ್ದು ಸಾಯುತ್ತಿತ್ತು. ಸತ್ತ ಮದ್ದಿಗೂ ಬದುಕಿದ ಮದ್ದಿಗೂ ಬಣ್ಣ ಒಂದೇ. ಹಾಕಿ ಬಂದು ಎರಡು ವಾರ ಬಿಟ್ಟು ಹೋದರೆ ಹತ್ತು ತೋಳಿನಲ್ಲಿ ಒಂದಕ್ಕೆ ಗುರುತು ಎದ್ದಿರುತ್ತಿತ್ತು.

ಮುಂದಿನ ಮಾರ್ಚ್‌ನಲ್ಲಿ ಅವರು ನನ್ನ ಎದುರಿಗೇ ಬರೆದರು: "ಕೈ ಒಳ್ಳೆಯದಲ್ಲ."

"ಮದ್ದು ಅಲ್ಲಿಗೆ ಹೋಗೋ ಹೊತ್ತಿಗೆ ಸತ್ತಿರ್ತದೆ ಸ್ವಾಮಿ" ಎಂದೆ.

"ಮದ್ದಿನ ಮೇಲೆ ಗುಪ್ತ ವರದಿ ಬರೆಯೋದಿಲ್ಲ ಕಣಯ್ಯ. ನಿನ್ನ ಮೇಲೆ ಬರೀತಾರೆ. ನನ್ನ ಮೇಲೂ ಬರೀತಾರೆ. ಕೋಟೆ ತಾಲ್ಲೂಕು ಹಿಂದೆ ಬಿದ್ದಿದೆ ಅಂತ ಹೋದ ವರ್ಷ ಬರೆದಿದ್ದಾರೆ. ಬರುವ ವರ್ಷ ನನಗೆ ತೋಳು ತುಂಬ ಗುರುತು ಬೇಕು."

ಕೆಟ್ಟದ್ದು ಬರೆದರೆ ನೌಕರನಿಗೆ ತೋರಿಸಿ, "ನೋಡಿದ್ದೇನೆ" ಎಂದು ರುಜು ಹಾಕಿಸಿಕೊಳ್ಳಬೇಕೆಂಬುದು ನಿಯಮ. ಒಳ್ಳೆಯದಕ್ಕೆ ರುಜು ಬೇಡ. ನಾನು ರುಜು ಹಾಕಿದೆ. ಎರಡನೆಯ ಸಲವೂ ಹೀಗೇ ಆದರೆ ಮನೆಗೆ. ಮನೆಯಲ್ಲಿ ಹೆಂಡತಿ, ಎರಡು ಕೂಸು, ಗಂಡ ಸತ್ತು ಬಂದು ಸೇರಿಕೊಂಡ ಅಕ್ಕ. ಬೇರೆ ಕೆಲಸ ನನಗೆ ಗೊತ್ತಿರಲಿಲ್ಲ.

ಆ ವರ್ಷವೇ ಹುಣಸೂರಿನ ಸಂತೆಯಲ್ಲಿ ಮರಿದೇವಯ್ಯ ಕಂಡ. ಹಗ್ಗ ಹೊಸೆದು ಮಾರುತ್ತಿದ್ದ, ಅದಕ್ಕೆ ಕಣ್ಣು ಬೇಡವಲ್ಲ. ತಪ್ಪಿಸಿಕೊಂಡು ಹೋಗೋಣವೆಂದರೆ ಯಾರೊಂದಿಗೋ ನಾನಾಡಿದ ಮಾತು ಅವನ ಕಿವಿಗೆ ಬಿತ್ತು.

"ಬಾ ಕಣ್ಲಾ, ಕೂತ್ಕೊ. ಕೋಟೆಗಾಕವ್ರಂತೆ ನಿನ್ನ?"

"ಹೂಂ ಅಣ್ಣ."

"ಗುರ್ತು ಎದ್ದಿರಾಕಿಲ್ಲ."

"ಇಲ್ಲ."

ಅವನು ಹಗ್ಗದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೊಸೆಯುತ್ತಲೇ ಹೇಳಿದ. "ಅಗಸ್ರು ಬಟ್ಟೆಗೆ ಗುರ್ತು ಆಕ್ತಾರಲ್ಲ, ಗೇರಿನ ಎಣ್ಣೆ, ಅದ್ನ ತಕ. ಗೀರಿದ್ ಜಾಗಕ್ಕೆ ಕಡ್ಡೀಲಿ ಒಂದ್ ತೊಟ್ಟು. ಅದ್ಕೂ ಬೊಕ್ಕೆ ಏಳ್ತದೆ, ಅದೂ ಅಕ್ಕಳೆ ಕಟ್ತದೆ. ತೋಳ್ ತುಂಬ ಗುರ್ತು."

"ಅವರು ಕಂಡು ಹಿಡಿಯಲ್ವ?"

"ಕಂಡಿಡೀತಾನೆ. ಕಂಡಿಡಿದು ಏನ್ ಮಾಡಾನು? ಗುರ್ತು ಅವ್ನಿಗೂ ಬೇಕಲ್ಲ."

ಮರಿದೇವಯ್ಯ ಇದನ್ನು ಕರುಣೆಯಿಂದ ಹೇಳಿದನೋ, ಸೇಡಿಗೆ ಹೇಳಿದನೋ, ನನಗೆ ಇವತ್ತಿಗೂ ತಿಳಿಯದು. ಮುಖ ನೋಡಿದೆ, ಪೊರೆ ಬಂದ ಕಣ್ಣಿನಲ್ಲಿ ಏನೂ ಗೊತ್ತಾಗಲಿಲ್ಲ. ಹೊರಡುವಾಗ ಒಂದು ಹಗ್ಗ ಕೊಂಡೆ. ನಮ್ಮ ಮನೆಯಲ್ಲಿ ಹಸು ಇರಲಿಲ್ಲ.

ಹೊಳೆಯಾಚೆಯ ಒಂದು ಊರಿಗೆ ಹೋದೆ, ಅದರ ಹೆಸರನ್ನೂ ಬರೆಯುವುದಿಲ್ಲ. ದಾಕು ಹಾಕಿಸಿದರೆ ಸಿಡುಬಿನ ಅಮ್ಮ ಮುನಿಯುತ್ತಾಳೆಂದು ಅಲ್ಲಿನ ಹೆಂಗಸರು ನನ್ನನ್ನು ಕಂಡರೆ ಬಾಗಿಲು ಹಾಕುತ್ತಿದ್ದರು. ಮೊದಲು ಬಾಗಿಲು ತೆರೆದವಳು ಚಿಕ್ಕತಾಯಮ್ಮ. ಸೊಂಟದಲ್ಲಿ ಮೂರು ವರ್ಷದ ಗಂಡು ಮಗು. "ನಿಜ್ವಾಗ್ಲೂ ಏನೂ ಆಗಾಕಿಲ್ವ?" ಎಂದು ಕೇಳಿದಳು. "ಈ ನಾಕು ಗುರುತು ಇದ್ರೆ ಅಮ್ಮ ಮನೆಯೊಳಕ್ಕೆ ಬಂದ್ರೂ ಮಗೂನ ಮುಟ್ಟಲ್ಲ ತಾಯಿ" ಎಂದೆ. ಎಲ್ಲ ಊರಿನಲ್ಲೂ ಹೇಳುವ ಮಾತು, ಬಾಯಿಪಾಠವಾಗಿತ್ತು. "ನೀವು ಓದ್ದೋರು, ಸುಳ್ ಯಾಕೇಳೀರಿ" ಎಂದು ಮಗುವಿನ ತೋಳು ಹಿಡಿದುಕೊಟ್ಟಳು. ಅವಳನ್ನು ನೋಡಿ ಉಳಿದವರೂ ಬಂದರು. ಗೇರು ಉರಿಯುತ್ತದೆ. ಮಕ್ಕಳು ಮದ್ದಿಗೆ ಅತ್ತದ್ದಕ್ಕಿಂತ ಹೆಚ್ಚು ಅತ್ತವು.

ಇನ್ಸ್‌ಪೆಕ್ಷನ್ನಿಗೆ ಅವರು ಹರಿಗೋಲಿನಲ್ಲಿ ಬಂದರು. ಚಾವಡಿಯಲ್ಲಿ ಸಾಲು ನಿಂತಿತು. ತಗಡು ಇಟ್ಟ ಕಡೆಯೆಲ್ಲ ಗುರುತು ತೂತು ತುಂಬಿತ್ತು. ಚಿಕ್ಕತಾಯಮ್ಮನ ಮಗನ ತೋಳಿಗೆ ಬಂದಾಗ ತಗಡು ಕೆಳಗಿಟ್ಟು, ಕಣ್ಣು ಮುಚ್ಚಿ ಬೆರಳಾಡಿಸಿದರು. ಬೆರಳು ನಿಂತಿತು. ಮತ್ತೊಮ್ಮೆ ಆಡಿಸಿದರು. ಒಂದು ಗುಣಿಯೂ ಇರಲಿಲ್ಲ. ಕಣ್ಣು ತೆರೆದು ನನ್ನ ಮುಖ ನೋಡಿದರು. ಅವರ ಕೈಕೆಳಗೆ ದುಡಿದ ಅಷ್ಟೂ ವರ್ಷದಲ್ಲಿ ಅವರು ನನ್ನ ಮುಖ ನೋಡಿದ್ದು ಅದೊಂದೇ ಸಲ. ನಾನು ತೋಳು ನೋಡುತ್ತ ನಿಂತೆ.

"ಕೈ ಸುಧಾರಿಸಿದೆ" ಎಂದರು.

ಮಾರ್ಚ್‌ನಲ್ಲಿ ನನ್ನ ಹಾಳೆಯ ಮೇಲೆ "ಉತ್ತಮ" ಎಂದು ಬರೆದರು. ಕೋಟೆ ತಾಲ್ಲೂಕಿನ ಬಗ್ಗೆ ಮೇಲಿನವರು ಅವರ ಹಾಳೆಯ ಮೇಲೂ ಅಂಥದೇ ಏನನ್ನೋ ಬರೆದರೆಂದು ಕೇಳಿದೆ. ನಾನು ಸುಮ್ಮನೆ ಅವರೊಬ್ಬರ ಮೇಲೆ ಹೊರಿಸುತ್ತಿದ್ದೇನೆ ಅನ್ನಿಸಬಾರದು. ಆಮೇಲೆ ನನಗೂ ಸಮಯವಿತ್ತು. ಒಳ್ಳೆಯ ಮದ್ದು ಕೈಗೆ ಬಂದಾಗ ಹೋಗಿ ಆ ಮಕ್ಕಳಿಗೆ ಇನ್ನೊಮ್ಮೆ ಹಾಕಿ ಬರಬಹುದಿತ್ತು. ಆದರೆ ರಿಜಿಸ್ಟರಿನಲ್ಲಿ ಆ ಊರು ಮುಗಿದಿತ್ತು. ಮುಗಿದ ಊರಿಗೆ ಮತ್ತೆ ಯಾಕೆ ಹೋದೆ ಎಂದು ಕೇಳುತ್ತಾರೆ. ಹೋಗಲಿಲ್ಲ.

ಆ ಬೇಸಿಗೆಯಲ್ಲೇ ಹೊಳೆಯಾಚೆ ಸಿಡುಬು ಬಂತು. ಸುದ್ದಿ ತಿಳಿದು ಅವರೂ ನಾನೂ ಹೋದೆವು. ಚಿಕ್ಕತಾಯಮ್ಮನ ತಂಗಿಯ ಮನೆಯಲ್ಲಿ ಮೊದಲು ಬಿದ್ದಿತ್ತಂತೆ. ಉಳಿದವರು ಮಕ್ಕಳನ್ನು ಕಟ್ಟಿಕೊಂಡು ಹೊಲದ ಗುಡಿಸಲಿಗೆ ಹೋಗಿದ್ದರು. ಇವಳು ಹೋಗಲಿಲ್ಲ. ಮಗನನ್ನು ಕರೆದುಕೊಂಡೇ ತಂಗಿಯ ಮಕ್ಕಳ ಆರೈಕೆಗೆ ಕೂತಳು, ಅವನಿಗೆ ನಾಲ್ಕು ಗುರುತು ಇತ್ತಲ್ಲ. ನಾವು ಹೋದಾಗ ಮಗು ಬಾಳೆಲೆಯ ಮೇಲೆ ಮಲಗಿತ್ತು. ಮೈ ಮೇಲೆ ಬೆರಳಿಡಲು ಜಾಗವಿರಲಿಲ್ಲ. ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. ಮಗುವಿನ ತೋಳನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿ, "ನಾಕೂ ಅವೆ ಸ್ವಾಮಿ. ಎಣಿಸ್ಕಳಿ" ಎಂದಳು.

ಅವರು ಜೇಬಿನಿಂದ ತಗಡು ತೆಗೆದರು. ಬೊಕ್ಕೆಗಳ ನಡುವೆ ಹುಡುಕಿ, ನಾಲ್ಕು ಗುರುತಿನ ಮೇಲೂ ಇಟ್ಟು ನೋಡಿದರು. ಬೇಡ ಸ್ವಾಮಿ ಎಂದು ನಾನು ಹೇಳಬೇಕಿತ್ತು. ಅವರು ನಿಧಾನವಾಗಿ ತಗಡು ಒರೆಸಿಕೊಂಡು, "ಗುರುತು ಸರಿಯಾಗಿದೆ. ಹಾಗಾದರೆ ಇದು ಸಿಡುಬಲ್ಲ ತಾಯಿ, ಸೀತಾಳೆ. ಸೀತಾಳೆಗೆ ಯಾರೂ ಸಾಯೋದಿಲ್ಲ" ಎಂದರು. ಪುಸ್ತಕದಲ್ಲಿ ಹಾಗೇ ಬರೆದುಕೊಂಡರು. ನನ್ನ ಕಡೆ ತಿರುಗಲಿಲ್ಲ. ಗುರುತಿದ್ದ ಮಕ್ಕಳಿಗೆಲ್ಲ ಆ ಊರಿನಲ್ಲಿ ಸೀತಾಳೆಯೇ ಆಯಿತು.

ಮಗು ಮಾರನೆಯ ಬೆಳಿಗ್ಗೆ ಹೋಯಿತು. ಬೇರೆ ಮಕ್ಕಳೂ ಹೋದವು. ಎಷ್ಟು ಎಂದು ನನಗೆ ಗೊತ್ತು, ಬರೆಯಲಾರೆ. ನಾವು ಹರಿಗೋಲು ಹತ್ತುವಾಗ ಚಿಕ್ಕತಾಯಮ್ಮ ದಡದವರೆಗೆ ಬಂದಳು. ನನ್ನ ಕೊರಳಪಟ್ಟಿ ಹಿಡಿಯುತ್ತಾಳೆಂದು ಕಾದೆ. ಅವಳು ಅವರನ್ನೇ ಕೇಳಿದಳು: "ಸೀತಾಳೇಲಿ ಯಾರೂ ಸಾಯಾಕಿಲ್ಲ ಅಂದ್ರಲ್ಲ. ನಾನು ತಣ್ಣೀರ್ ಕುಡಿಸ್ಬುಟ್ಟೆ. ಅದ್ಕೇ ಓಯ್ತಾ?"

"ಇರಬಹುದು" ಎಂದರು ಅವರು.

ನನ್ನ ಖಾಯಂ ಆರ್ಡರ್ ಅದೇ ತಿಂಗಳ ಕೊನೆಗೆ ಬಂತು. ಅಕ್ಕ ಪಾಯಸ ಮಾಡಿದಳು, ಉಂಡೆ.

ಮೂರು ವರ್ಷ ಕಳೆದಿರಬೇಕು. ಅಷ್ಟರಲ್ಲಿ ಮದ್ದು ಮಂಜುಗಡ್ಡೆಯ ಡಬ್ಬಿಯಲ್ಲಿ, ಜೀಪಿನಲ್ಲಿ ಹೊಳೆಯ ದಡದವರೆಗೂ ಬರುವ ಹಾಗಾಗಿತ್ತು. ಆ ಊರಿಗೆ ಮತ್ತೆ ನನ್ನ ಸರದಿ ಬಂತು. ನನ್ನನ್ನು ಕಂಡರೆ ಕಲ್ಲು ಹೊಡೆಯುತ್ತಾರೆಂದುಕೊಂಡು ಹೋದೆ. ಚಾವಡಿಯಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂತಿದ್ದವಳು ಚಿಕ್ಕತಾಯಮ್ಮ. ತೊಡೆಯ ಮೇಲೆ ಆಮೇಲೆ ಹುಟ್ಟಿದ ಹೆಣ್ಣು ಮಗು. ಸೆರಗು ಸರಿಸಿ ಮಗುವಿನ ಎರಡು ತೋಳನ್ನೂ ಮುಂದಕ್ಕೆ ಹಿಡಿದಳು.

"ಅವ್ನಿಗೆ ನಾಕು ಸಾಲ್ದಾಯ್ತೋ ಏನೋ ಸ್ವಾಮಿ. ಇವ್ಳಿಗೆ ಎಂಟಾಕಿ."

ಎಂಟು ಹಾಕಿದರೂ ಅಷ್ಟೇ, ನಾಲ್ಕು ಹಾಕಿದರೂ ಅಷ್ಟೇ ಎಂದು ಹೇಳಲು ಬಾಯಿ ತೆರೆದೆ. ಈ ಹೆಂಗಸಿಗೆ ಏನನ್ನಾದರೂ ಹೇಳುವ ಯೋಗ್ಯತೆ ನನಗಿರಲಿಲ್ಲ. ಒಂದೊಂದು ತೋಳಿಗೆ ನಾಲ್ಕರಂತೆ ಎಂಟು ಹಾಕಿದೆ, ಹೊಸ ಮದ್ದಿನಲ್ಲಿ. ಮಗು ಚೀರಿತು. ಅವಳು ಬಿಗಿಯಾಗಿ ಹಿಡಿದುಕೊಂಡು, ಒಂದು, ಎರಡು ಎಂದು ಎಂಟರವರೆಗೂ ಎಣಿಸಿದಳು.

ಇನ್ಸ್‌ಪೆಕ್ಟರು ಬಂದು ನೋಡಿದರು. ಎಂಟಕ್ಕೂ ತಗಡು ಇಟ್ಟರು, ಎಂಟರ ಮೇಲೂ ಕಣ್ಣು ಮುಚ್ಚಿ ಬೆರಳಾಡಿಸಿದರು. ಗುಣಿಗಳು ಅಂಗುಸ್ತಾನದ ಮೇಲಿನಂತೆಯೇ ಇದ್ದವು. ಯಾರ ಮಗು ಎಂದು ಅವರು ಕೇಳಲಿಲ್ಲ, ಚಿಕ್ಕತಾಯಮ್ಮ ಪಕ್ಕದಲ್ಲೇ ನಿಂತಿದ್ದಳು. ಆ ಮಾರ್ಚ್‌ನಲ್ಲಿ ಬಂಗಲೆಯ ವರಾಂಡದಲ್ಲಿ ನನ್ನ ಹಾಳೆಯನ್ನು ಮೇಜಿನ ಮೇಲೆ ತಿರುಗಿಸಿ ನನ್ನ ಮುಂದಕ್ಕೆ ತಳ್ಳಿದರು. "ಬೋರ್ಡಿನ ಮದ್ದನ್ನು ದುಂದು ಮಾಡುತ್ತಾನೆ. ಒಂದು ಮಗುವಿಗೆ ಎಂಟು ಗುರುತು ಹಾಕಿದ್ದಾನೆ." ಕೆಳಗೆ ರುಜುವಿಗೆ ಜಾಗ ಬಿಟ್ಟಿದ್ದರು.

ನನ್ನ ಸರ್ವೀಸಿನಲ್ಲಿ ನಾನು "ನೋಡಿದ್ದೇನೆ" ಎಂದು ರುಜು ಹಾಕಿದ್ದು ಎರಡೇ ಸಲ. ಸತ್ತ ಮದ್ದಿಗೆ ಒಂದು ಸಲ, ಆ ಎಂಟು ಗುರುತಿಗೆ ಇನ್ನೊಂದು ಸಲ. ನಡುವಿನ ಆ ಗೇರಿನ ವರ್ಷಕ್ಕೆ ಯಾರೂ ನನ್ನ ರುಜು ಕೇಳಲಿಲ್ಲ.